ಎರಡು ಸಲ ಅಚ್ಚಾದ ನಾಣ್ಯ

ರೀ,

ನಾನು ಅಕ್ಕನ ಮನೆಗೆ ಹೊರಟೆ. ನಿಮ್ಮ ನಾಣ್ಯತಜ್ಞರು ಸಂಜೆ ಬರುವುದರೊಳಗೆ ಇದನ್ನು ಓದಿಬಿಡಿ.

ಆ ನಾಣ್ಯದ ಮೇಲಿರುವ ಬಳೆಯಂಥ ಗುರುತು ನೀವು ಹೇಳುವ ಹಾಗೆ ಟಂಕಸಾಲೆಯಲ್ಲಿ ಎರಡು ಸಲ ಅಚ್ಚು ಬಿದ್ದು ಆದದ್ದಲ್ಲ. ಭೂತಗನ್ನಡಿ ಪಕ್ಕಕ್ಕಿಟ್ಟು, ನಾಣ್ಯವನ್ನು ಬಟ್ಟೆ ಒಗೆಯುವ ಮಷಿನ್‌ನ ಗಿಡ್ಡ ಕಾಲಿಗೆ ಹಿಡಿದು ನೋಡಿ. ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂರುತ್ತದೆ. ಮಷಿನ್ ಅಲ್ಲಾಡುತ್ತದೆಂದು ಅದನ್ನು ಆ ಕಾಲಡಿ ಇಟ್ಟವರು ನೀವೇ. ಮರೆತಿದ್ದೀರಿ. ಮೊನ್ನೆ ಮಷಿನ್ ಸರಿಸಿ ಗುಡಿಸುವಾಗ ಸಿಕ್ಕಿತೆಂದು ಫ್ರಿಜ್ ಮೇಲಿಟ್ಟವಳು ನಾನು. ಆವತ್ತಿನಿಂದ ನೀವು ಅಪರೂಪದ ನಾಣ್ಯವೆಂದು ಬೀದಿಗೆಲ್ಲ ಡಂಗುರ ಸಾರುತ್ತಿದ್ದೀರಿ, ಮಷಿನ್ ಕುಣಿಯುತ್ತಾ ಅಡುಗೆಮನೆ ಬಾಗಿಲಿಗೆ ಬರುತ್ತಿದೆ.

ನಿನ್ನೆಯೇ ಹೇಳಲು ಬಂದೆ. "ಇದೆಲ್ಲ ನಿಂಗೆ ಗೊತ್ತಾಗಲ್ಲ, ಸುಮ್ನಿರು" ಅಂದಿರಿ. ಅದಕ್ಕೇ ಈ ಚೀಟಿ.

ಫ್ಲಾಸ್ಕಿನಲ್ಲಿ ಚಹಾ ಇದೆ, ತಜ್ಞರಿಗೆ ಕೊಡಿ. ಆಮೇಲೆ ಅವರಿಗೂ ಕೈ ಜೋಡಿಸಲು ಹೇಳಿ ಮಷಿನ್ ಎತ್ತಿ, ನಾಣ್ಯ ಎಲ್ಲಿತ್ತೋ ಅಲ್ಲೇ ಇಡಿ. ನಿಮ್ಮ ಅಂಗಿಗಳು ಇನ್ನೂ ಅದರೊಳಗೇ ಒದ್ದೆಯಾಗಿ ಕೂತಿವೆ.

ಅಪರೂಪದ ನಾಣ್ಯ ಅಂದಿರಲ್ಲ, ಅದೇನೋ ನಿಜ. ಈ ಮನೆಯಲ್ಲಿ ನೀವು ಮಾಡಿದ ರಿಪೇರಿಗಳಲ್ಲಿ ಇಷ್ಟು ವರ್ಷ ನಿಂತದ್ದು ಅದೊಂದೇ.