ಹತ್ತಕ್ಕೆ ಏಳು

ಗುರುವಾರ, ಸಂಜೆ

ಚಿ. ಸೌ. ಮಗಳಿಗೆ ತಂದೆಯ ಆಶೀರ್ವಾದಗಳು.

‘ಇತ್ತ ಎಲ್ಲರೂ ಕ್ಷೇಮ’ ಎಂಬ ವಾಕ್ಯದಿಂದಲೇ ಪತ್ರವನ್ನು ಆರಂಭಿಸುವುದು ನನ್ನ ಜೀವಮಾನದ ರೂಢಿ. ಇಂದು ರಾತ್ರಿಯ ಬಸ್ಸಿಗೇ ಕೊಟ್ಟು ಕಳಿಸುವ ಈ ಪತ್ರದಲ್ಲಿ ಅದನ್ನು ಬಿಟ್ಟಿದ್ದೇನೆ. ಕಾರಣವನ್ನು ಸಾವಧಾನವಾಗಿ ಓದು.

ನಿನ್ನ ಮಗಳ ತೂಕ ವೈದ್ಯೆ ಬಯಸಿದ ಮಟ್ಟಕ್ಕೆ ಬಂದಿದೆ. ಸೋಮವಾರ ಮನೆಗೆ ಕರೆದೊಯ್ಯಬಹುದೆಂದು ನಿನಗೂ ತಿಳಿಸಿದ್ದಾರೆ. ನಾನು ಎದುರು ಕುಳಿತು ಉಂಡರೆ ಮಾತ್ರ ಅವಳು ಉಣ್ಣುವಳೆಂಬುದು ಇಡೀ ವಾರ್ಡಿಗೆ ಗೊತ್ತು. ಅವಳ ತುತ್ತಿಗೆ ನನ್ನ ತುತ್ತು. ಅದಕ್ಕಾಗಿ ನನ್ನ ಉಪವಾಸಗಳನ್ನೆಲ್ಲ ಭಗವಂತನಿಗೆ ಮರಳಿ ಒಪ್ಪಿಸಿದೆ. ಅದಕ್ಕೂ ಅವಳಲ್ಲಿ ಮಾತಿತ್ತು: “ನೀವು ಊಟ ಬಿಟ್ರೆ ವ್ರತ, ನಾನು ಬಿಟ್ರೆ ರೋಗ. ದೇವ್ರೂ ನಿಮ್ಮ ಕಡೆಯವ್ನೇ ಬಿಡಿ ತಾತ.” ನಕ್ಕು ಮುಂದಿನ ತುತ್ತನ್ನೆತ್ತಿದೆ.

ನಿನ್ನೆ ವೈದ್ಯೆ ನನ್ನ ಸಮಕ್ಷಮದಲ್ಲಿಯೇ, ಬದುಕಿನಲ್ಲಿ ಎಷ್ಟು ತೃಪ್ತಿಯಿದೆ, ಹತ್ತಕ್ಕೆ ಎಷ್ಟು ಕೊಡುವೆ ಎಂದು ಕೇಳಿದರು. ಇವಳು ತಡಮಾಡದೆ ಏಳು ಎಂದಳು. ವೈದ್ಯೆಯ ಮುಖ ಅರಳಿತು, ನನ್ನದೂ ಅರಳಿತು. ಹೊರಗಿನ ಬೆಂಚಿನ ಮೇಲೆ ಕುಳಿತು ನಾನು ಆ ಏಳನ್ನು ಕೊಂಡಾಡತೊಡಗಿದಾಗ, ನನ್ನ ಶಾಲಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಹೇಳಿದಳು: “ಅಯ್ಯೋ ತಾತ, ಐದು ಅಂದ್ರೆ ಮಾತ್ರೆ ಜಾಸ್ತಿ ಮಾಡ್ತಾರೆ. ಹತ್ತು ಅಂದ್ರೆ ನಂಬಲ್ಲ. ಏಳು ಅಂದ್ರೆ ಮನೆಗೆ ಕಳಿಸ್ತಾರೆ. ಅಲ್ಲಿ ನೀವೂ ಇರಲ್ಲ, ಅಮ್ಮ ಡ್ಯೂಟಿಗೆ ಹೋದ್ಮೇಲೆ ಎದುರಿಗೆ ಯಾರೂ ಕೂರಲ್ಲ.”

ದಿಟವಾಗಿ ಎಷ್ಟು ಎಂದು ಕೇಳಿದೆ. “ಬಂದಿರೋ ತೂಕ ನಿಮ್ಮೆಲ್ರದ್ದು. ನಂದು ಅಂತ ಏನೂ ಬಂದಿಲ್ಲ,” ಎಂದಳು. ಅಮ್ಮನಿಗೆ ಹೇಳಕೂಡದೆಂದು ನನ್ನಿಂದ ಭಾಷೆಯನ್ನೂ ತೆಗೆದುಕೊಂಡಳು.

ಕೊಟ್ಟ ಮಾತಿಗೆ ತಪ್ಪುವುದು ಮಹಾಪಾತಕವೆಂದು ಓದುತ್ತಲೇ ಮುದುಕನಾದವನು ನಾನು. ಆದರೂ ಬರೆಯುತ್ತಿದ್ದೇನೆ: ಸೋಮವಾರ ಅವಳನ್ನು ಕರೆದೊಯ್ಯಬೇಡ. ಇಲ್ಲಿದ್ದರೆ ಗುಣವಾಗುವಳೇ ಎಂದು ಕೇಳಿದರೆ, ನಾನರಿಯೆ. ಪ್ರಾರ್ಥನೆಗೆ ಕುಳಿತರೂ ಏನನ್ನು ಬೇಡಬೇಕೆಂಬುದು ತೋಚುತ್ತಿಲ್ಲ. ದೇಹವನ್ನು ಬೇಡಿದೆ, ಕೊಟ್ಟ. ಉಳಿದದ್ದಕ್ಕೆ ನನ್ನ ಬಳಿ ಮಂತ್ರವಿಲ್ಲ.

ಇತಿ,
ನಿನ್ನ ತಂದೆ

ಮೇಲೆ ಬರೆಯಲಾರದೆ ಉಳಿದದ್ದು: ವೈದ್ಯೆಗೆ ಇಂದು ಬೆಳಿಗ್ಗೆಯೇ ಎಲ್ಲವನ್ನೂ ತಿಳಿಸಿಬಿಟ್ಟೆ; ಅವರು ಹೋಗಿ ನಿನ್ನ ಮಗಳನ್ನೇ ಕೇಳಿದರಂತೆ. ಮಧ್ಯಾಹ್ನ ನಾನು ಎದುರು ಕುಳಿತಾಗ ಅವಳು ನರ್ಸಿನ ಕಡೆ ತಿರುಗಿ, “ಸಿಸ್ಟರ್, ಇವ್ರನ್ನ ಹೊರಗೆ ಕಳಿಸಿ,” ಎಂದಳು. ತಾತ ಎನ್ನಲಿಲ್ಲ, ಇವರು ಎಂದಳು. ತಟ್ಟೆಗಳೆರಡೂ ತುಂಬಿದಂತೆಯೇ ಹಿಂದೆ ಹೋದವು. ರಜೆ ಸಿಗದಿದ್ದರೂ ನಾಳೆ ಬಾ.