ತಡವಾಗಿ ಜಗ್ಗುವ ನಳಿಗೆ

ಮಾರ್ಚ್ ೧೪, ಶನಿವಾರ

ಇವತ್ತೂ ಕೈಕೊಟ್ಟಿತು. ಮೇಜಿನಷ್ಟು ಉದ್ದದ ನನ್ನ ಮಾದರಿ ಯುದ್ಧಟ್ಯಾಂಕಿನ ನಳಿಗೆಯ ಬಾಯಲ್ಲಿ ಬೆಳಕು ಮಿಂಚುತ್ತದೆ, ಹೊಗೆಯೂ ಬರುತ್ತದೆ. ಅದೇ ಕ್ಷಣಕ್ಕೆ ಹಿಂದಕ್ಕೆ ಜಗ್ಗಬೇಕಾದ ನಳಿಗೆ ಮಾತ್ರ ಅರೆಗಳಿಗೆ ತಡವಾಗಿ ಜಗ್ಗುತ್ತದೆ. ಮೂರು ತಿಂಗಳಿಂದ ಇದೇ ಗೋಳು. ಸಿಟ್ಟಿನಲ್ಲಿ ಸ್ಕ್ರೂಡ್ರೈವರ್ ಎಸೆದೆ.

ಯುದ್ಧದಲ್ಲಿ ನಿಜವಾದ ಟ್ಯಾಂಕಿನೊಳಗೆ ಕೂತು ಗುಂಡು ಹಾರಿಸಿದ ಮಾವನವರಿಗೆ ತೋರಿಸಬೇಕೆಂದೇ ಇಷ್ಟೆಲ್ಲ. ಸಂಜೆ ಅವರೇ ಬಂದು ನಳಿಗೆಯ ಎದುರಿಗೆ ಕೂತರು. ಹಾರಿಸಿದೆ. ಮತ್ತೆ ತಡ.

"ಎಲ್ಲಿ ತಪ್ಪಿದೆ ಹೇಳಿ ಮಾವ."

"ನಂಗೇನ್ ಗೊತ್ತು ಅಳಿಯಂದ್ರೆ? ನಾನು ಯಾವಾಗ್ಲೂ ಒಳಗಿದ್ದೋನು. ಎದುರಿಗಿದ್ದೋರಿಗೆ ಹೀಗೆ ಕಾಣ್ತಿತ್ತು ಅಂತ ಇವತ್ತೇ ನೋಡಿದ್ದು."

ನಾನು ಪೆದ್ದ, ನಳಿಗೆಯನ್ನು ಹಿಂದಕ್ಕೆಳೆಯುವ ಸ್ಪ್ರಿಂಗಿನ ವಿಷಯ ವಿವರಿಸುತ್ತಲೇ ಇದ್ದೆ. ಅವರು ಎದ್ದು ಹೋದದ್ದು ಆಮೇಲೆ ಗೊತ್ತಾಯಿತು. ಊಟಕ್ಕೂ ಬರಲಿಲ್ಲ. ಅವರ ಕೋಣೆಯ ಬಾಗಿಲು ತಟ್ಟಿ ಏನಾದರೂ ಹೇಳಬೇಕಿತ್ತು. ಆದರೆ ಏನಂತ ಹೇಳಲಿ?