ಎದೆಯೋಟ ಎಂಬ ಮಾತು ನಿಂತ ದಿನ

ಗಾಳಿಶಕೆ ನೂರಾ ಹನ್ನೆರಡು, ಶ್ರಾವಣದ ಎರಡನೆಯ ಸೋಮವಾರ
ಕಂಬದೂರು, ಕಪ್ಪತಗುಡ್ಡದ ತಪ್ಪಲು

ಇನ್ನೂರು ವರ್ಷ ಹಿಂದೆ ಬದುಕುತ್ತಿರುವ ನಿಮ್ಮೆಲ್ಲರಿಗೆ ಕಂಬದೂರಿನ ಫಕ್ಕೀರವ್ವನ ಶರಣು.

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ, ಹುಡುಕಿ ಕಣ್ಣು ನೋಯಿಸಿಕೊಳ್ಳಬೇಡಿ. ಗುಡ್ಡದ ಮೇಲಿದ್ದ ಹಳೆಯ ಗಾಳಿಯಂತ್ರಗಳನ್ನು ಇಳಿಸಿ, ಊರವರೇ ಸೇರಿ ಸ್ವಂತ ಕಂಬಗಳನ್ನು ನಿಲ್ಲಿಸಿದ ವರ್ಷದಿಂದ ನಾವು ಹೊಸ ಶಕೆ ಎಣಿಸುತ್ತೇವೆ. ನನ್ನ ಕನ್ನಡವೂ ಅಲ್ಲಲ್ಲಿ ನಿಮಗೆ ವಿಚಿತ್ರವಾಗಿ ಕಾಣಬಹುದು. ಅದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ, ಆದರೆ ಬಹಳ ಕೇಳುವುದಿಲ್ಲ. ನಿಮ್ಮ ಕನ್ನಡ ಓದುವಾಗ ನಮಗೂ ಅಷ್ಟೇ ತ್ರಾಸಾಗುತ್ತದೆ. ಗೊತ್ತಾಗದ ಮಾತು ಬಂದಲ್ಲಿ ನಾನೇ ಬಿಡಿಸಿ ಹೇಳುತ್ತ ಹೋಗುತ್ತೇನೆ.

ಈ ಪತ್ರ ಯಾಕೆ ಬರೆಯುತ್ತಿದ್ದೇನೆ ಎಂದರೆ, ನಮ್ಮಲ್ಲಿ ಒಂದು ಪದ್ಧತಿ ಉಂಟು. ಊರಿನ ಕಟ್ಟೆಯ ಮೇಲೆ ಹೊಸದೊಂದು ನಿಲುಮಾತು ನಿಂತ ದಿನ, ಆ ಮಾತು ಯಾರಿಗೆ ತಡವಾಯಿತೋ ಅವರಿಗೆ ಒಂದು ಪತ್ರ ಬರೆಯಬೇಕು. ನಿಲುಮಾತು ಎಂದರೆ ಪರೀಕ್ಷೆಗೆ ನಿಂತ ಮಾತು, ನಂಬಿ ನಡೆಯಬಹುದಾದ ಮಾತು. ಇಂದು ನಿಂತ ಮಾತು ತಡವಾದದ್ದು ನಿಮಗೆ. ಅದನ್ನು ತಂದವಳು ನನ್ನ ತಂಗಿ ಬಾಳವ್ವ. ಪತ್ರವನ್ನು ಅವಳೇ ಬರೆಯಬೇಕಿತ್ತು. ಆದರೆ ಅವಳಿಗೆ ತನ್ನನ್ನು ತಾನು ಹೊಗಳಿಕೊಳ್ಳಲು ಬರುವುದಿಲ್ಲ, ನನಗೆ ಅವಳನ್ನು ಹೊಗಳಲು ಚೆನ್ನಾಗಿ ಬರುತ್ತದೆ. ಹಾಗಾಗಿ ಕೆಲಸ ನನ್ನ ಪಾಲಿಗೆ ಬಂತು.

ನಮ್ಮ ಊರಿನಲ್ಲಿ ಬದುಕು ಎಲ್ಲ ಗಾಳಿಯ ಮೇಲೆ. ಬೆಳಿಗ್ಗೆ ಎದ್ದ ಕೂಡಲೇ ಜನ ಬಾಗಿಲು ತೆರೆದು ಮೊದಲು ನೋಡುವುದು ಗುಡ್ಡದ ಮೇಲಿನ ಕಂಬಗಳ ರೆಕ್ಕೆಗಳನ್ನು. ತಿರುಗುತ್ತಿದ್ದರೆ ಒಲೆಗಳು ಹೊತ್ತಿಕೊಳ್ಳುತ್ತವೆ, ಕೆರೆಯ ನೀರು ಮೇಲಿನ ಓಣಿಗೆ ಏರುತ್ತದೆ, ಶಾಲೆಯ ತಂಪುಗೋಡೆಗಳು ತಣ್ಣಗಾಗುತ್ತವೆ. ತಂಪುಗೋಡೆ ಎಂದರೆ ಒಳಗೆ ನೀರು ಹರಿಯುವ ಮಣ್ಣಿನ ಗೋಡೆ. ನಮ್ಮ ಬೇಸಿಗೆಯನ್ನು ನೀವು ಕಂಡಿಲ್ಲ, ಅದರ ಬಗ್ಗೆ ಹೇಳಿ ನಿಮ್ಮನ್ನು ಹೆದರಿಸುವುದಿಲ್ಲ. ಜೋಳದ ರೊಟ್ಟಿ ಮಾತ್ರ ಈಗಲೂ ಕೈಯಲ್ಲೇ ಬಡಿಯುತ್ತೇವೆ. ಎಷ್ಟೋ ಯಂತ್ರಗಳು ಬಂದು ಸೋತು ಹೋದವು, ನನ್ನ ಅತ್ತೆಯ ಕೈಯ ರೊಟ್ಟಿಯ ಮುಂದೆ ಯಾವುದೂ ನಿಲ್ಲಲಿಲ್ಲ.

ಕಂಬ ಹತ್ತಿ ರೆಕ್ಕೆ ದುರಸ್ತಿ ಮಾಡುವವರನ್ನು ನಾವು ಎದೆಗಾರರು ಎನ್ನುತ್ತೇವೆ. ನಿಮ್ಮ ಕಾಲದಲ್ಲಿ ಅದು ಬರೀ ಧೈರ್ಯವಂತರನ್ನು ಕರೆಯುವ ಮಾತಾಗಿತ್ತು, ನಮ್ಮಲ್ಲಿ ಅದೊಂದು ಹುದ್ದೆ. ಮುಂಗಾರು ಗಾಳಿ ಏಳುವ ಮುಂಚೆ ಇಡೀ ತಂಡ ಒಂದೇ ದಿನ ಕಂಬ ಹತ್ತುತ್ತದೆ. ಅದಕ್ಕೆ ದೊಡ್ಡೇರು ಎಂದು ಹೆಸರು. ಊರಿಗೆ ಊರೇ ಕೆಳಗೆ ನಿಂತು ಕತ್ತು ನೋಯುವವರೆಗೆ ನೋಡುತ್ತದೆ. ಬಾಳವ್ವ ಆ ತಂಡದಲ್ಲಿ ಎಲ್ಲರಿಗಿಂತ ಮೊದಲು ಏರುವವಳು. ಅವಳ ಹಿಂದೆ ತಂಡದ ಮುಖ್ಯಸ್ಥ ಇಮಾಮ ಕಾಕಾ. ತಲೆ ಪೂರ್ತಿ ನರೆತಿದ್ದರೂ ಏಣಿ ಕಂಡರೆ ಹುಡುಗನಾಗುವ ಮನುಷ್ಯ.

ಇನ್ನು ಕಟ್ಟೆಯ ವಿಷಯ. ನಿಮ್ಮ ಕಾಲದಲ್ಲಿ ಕೈಯಲ್ಲಿ ಹಿಡಿಯುವ ಫೋನು ಇತ್ತಲ್ಲ, ನಮ್ಮಲ್ಲಿ ಓಣಿಗೊಂದು ಹೇಳುಗೋಡೆ ಇದೆ. ಯಾರು ಬೇಕಾದರೂ ಅದರ ಮುಂದೆ ನಿಂತು ಮಾತಾಡಬಹುದು, ಯಾರು ಬೇಕಾದರೂ ಕೇಳಬಹುದು. ಅಡುಗೆ, ಜಗಳ, ಮದುವೆ, ಮದ್ದು ಎಲ್ಲ ಅಲ್ಲಿ ಹರಿಯುತ್ತದೆ. ಹೇಳುಗೋಡೆಯ ಮಾತನ್ನು ನಾವು ಗಾಳಿಮಾತು ಎಂದೇ ಕರೆಯುತ್ತೇವೆ, ನಿಮ್ಮ ಹಾಗೆಯೇ. ಮೈ ಆರೋಗ್ಯದ ವಿಷಯದಲ್ಲಿ ಮಾತ್ರ ಗೋಡೆಯ ಮಾತು ಸಾಲುವುದಿಲ್ಲ, ಅದು ಕಟ್ಟೆ ಹತ್ತಬೇಕು. ಕಟ್ಟೆಗೆ ಇರುವ ನಿಯಮ ಒಂದೇ: ಬಾಲದಲ್ಲಿ 'ಅಂತೆ' ಇರುವ ಮಾತು ಮೆಟ್ಟಿಲು ಹತ್ತುವಂತಿಲ್ಲ. 'ಇದು ಕುಡಿದರೆ ಜ್ವರ ಹೋಗುತ್ತದಂತೆ' ಎಂದರೆ, ಯಾರೋ ಹೇಳಿದ್ದನ್ನು ನಾನು ಹೇಳುತ್ತಿದ್ದೇನೆ, ನನಗೆ ಗೊತ್ತಿಲ್ಲ ಎಂದರ್ಥ. ಎಂಥ ಪ್ರಾಮಾಣಿಕ ಅಕ್ಷರಗಳು ನೋಡಿ! ಇಂಥದ್ದೊಂದು ಬಾಲವನ್ನು ಕ್ರಿಯಾಪದಕ್ಕೇ ಕಟ್ಟಿ ಕೊಟ್ಟ ಭಾಷೆ ನಮ್ಮದು ಎಂದು ನಾನು ಎಲ್ಲಿ ಬೇಕಾದರೂ ಎದೆ ತಟ್ಟಿ ಹೇಳುತ್ತೇನೆ. ನೀವು ಮಾಡಿದ ತಪ್ಪು, ಆ ಬಾಲವನ್ನು ದಾರಿಯಲ್ಲಿ ಕಳೆದದ್ದು. ಒಬ್ಬರು 'ಹೋಗುತ್ತದಂತೆ' ಎಂದರೆ, ಅದನ್ನು ಮುಂದಕ್ಕೆ ಕಳಿಸಿದವರು 'ಹೋಗುತ್ತದೆ' ಎಂದರು, ಮೂರನೆಯವರು 'ಖಂಡಿತ ಹೋಗುತ್ತದೆ' ಎಂದರು. ನಮ್ಮ ಕಟ್ಟೆಯಲ್ಲಿ 'ಅಂತೆ' ಕಳಚುವ ಅಧಿಕಾರ ಇರುವುದು ಪರೀಕ್ಷೆ ಮಾಡಿ ನೋಡಿದವರಿಗೆ ಮಾತ್ರ. ಅವರೂ ತಮಗೆ ಗೊತ್ತಿಲ್ಲದ್ದು ಏನು ಎಂಬುದನ್ನು ಜೊತೆಗೇ ಹೇಳಬೇಕು.

ಇಷ್ಟೆಲ್ಲ ಇದ್ದೂ ನಾವು ಎಡವಿದೆವು. ಈ ಸಲ ಬೇಸಿಗೆಯ ಮೊದಲಿಗೆ ಊರಿಗೆ ಮುಸುಕು ಜ್ವರ ಬಂತು. ವೈರಸ್ಸಿನ ಜ್ವರವೇ, ನಿಮಗೂ ಅದರ ಅಣ್ಣತಮ್ಮಂದಿರು ಗೊತ್ತು. ಬೆಳಕು ಕಂಡರೆ ತಲೆ ಸಿಡಿಯುವುದರಿಂದ ಜನ ಮುಸುಕು ಹಾಕಿ ಮಲಗುತ್ತಿದ್ದರು, ಅದಕ್ಕೇ ಆ ಹೆಸರು. ಬಹಳ ಜನ ಬೇಗ ಎದ್ದರು. ಬಾಳವ್ವನೂ ಎದ್ದಳು, ತಲೆಗೆ ಎರೆದುಕೊಂಡಳು, ಸೊಂಟಪಟ್ಟಿ ಬಿಗಿದು ಕೆಲಸಕ್ಕೆ ಹೋದಳು. ಕಂಬದ ಅರ್ಧಕ್ಕೆ ಏರುವಷ್ಟರಲ್ಲಿ ಅವಳ ಎದೆ ಸಿಕ್ಕಾಪಟ್ಟೆ ಹೊಡೆದುಕೊಳ್ಳತೊಡಗಿತು. ಅವಳು ನಿಂತರೂ ಬಡಿತ ಇಳಿಯಲಿಲ್ಲ. ಕೆಳಗಿಳಿದು ತಂಡದವರಿಗೆ ಇದ್ದದ್ದು ಇದ್ದ ಹಾಗೆ ಹೇಳಿದಳು.

"ಎದಿ ಭಾಳ ಹೊಡ್ಕೊಳ್ಳಾಕತ್ತೈತಿ, ಕಾಕಾ."

"ಹೆದರಬ್ಯಾಡ ತಂಗಿ, ಜ್ವರದಾಗ ಮಲಗಿ ಏಣಿ ರೂಢಿ ತಪ್ಪೇತಿ, ಅಷ್ಟ," ಎಂದರು ಇಮಾಮ ಕಾಕಾ. ಒಬ್ಬಳು ನೀರು ಕೊಟ್ಟಳು, ಇನ್ನೊಬ್ಬ ಬೆನ್ನು ಸವರಿ ಧೈರ್ಯ ಹೇಳಿದ. ಎಲ್ಲರೂ ಒಳ್ಳೆಯವರೇ.

ಇದು ನಮ್ಮ ಮಾತೇ ನಮ್ಮಿಂದ ಮಾಡಿಸಿದ ತಪ್ಪು. ಎದೆ ಹೊಡೆದುಕೊಂಡಿತು ಎಂದರೂ ನಮಗೆ ಹೆದರಿಕೆ, ಎದೆ ಝಲ್ಲೆಂದಿತು ಎಂದರೂ ಹೆದರಿಕೆ, ಡವಡವ ಎಂದರೂ ಹೆದರಿಕೆ. ಹೆದರದೆ ಇರುವವಳಿಗೂ ಎದೆ ಓಡಬಹುದು ಎಂದು ಹೇಳಲು ನಮ್ಮ ಬಾಯಲ್ಲಿ ಒಂದು ಮಾತೇ ಇರಲಿಲ್ಲ. ಬಾಳವ್ವ ಕಾಯಿಲೆ ಹೇಳಿಕೊಂಡಳು, ಕೇಳಿದವರಿಗೆ ಭಯ ಕೇಳಿಸಿತು. ಎಲ್ಲರಿಗಿಂತ ಮೊದಲು ಕಂಬ ಏರುವ ಹೆಂಗಸಿಗೆ ಇದಕ್ಕಿಂತ ದೊಡ್ಡ ಅವಮಾನ ಬೇಕೆ? ಅವಳು ಅಂದಿನಿಂದ ಬಾಯಿ ಮುಚ್ಚಿಕೊಂಡಳು.

ಬಾಯಿ ಮುಚ್ಚಿದವರು ಹೋಗುವುದು ಹೇಳುಗೋಡೆಗೆ. ಅಲ್ಲಿ ಯಾರೋ ಒಬ್ಬರು, ಜ್ವರದ ಮೇಲೆ ಎದೆ ಹೊಡೆದುಕೊಂಡರೆ ಗುಡ್ಡ ಹತ್ತಿ ಓಡಬೇಕು, ಬೆವರಿನ ಜೊತೆ ವಿಷ ಇಳಿದು ಹೋಗುತ್ತದೆ ಎಂದಿದ್ದರು. ಬಾಳವ್ವ ಓಡಿದಳು. ಒಂದು ದಿನ ಬೆಳಿಗ್ಗೆ ನಾನು ಅಂಗಳದಲ್ಲಿ ಪಾತ್ರೆ ತಿಕ್ಕುತ್ತಿದ್ದಾಗ ಗೋಡೆ ಹಿಡಿದುಕೊಂಡು ಬಂದಳು. ತುಟಿ ಬಿಳಚಿಕೊಂಡಿತ್ತು. ಮೆಟ್ಟಿಲ ಮೇಲೆ ಕುಳಿತವಳಿಗೆ ಮಾತಾಡಲು ಉಸಿರು ಸಾಲಲಿಲ್ಲ. ಅವಳು ಹೇಳಿದ್ದನ್ನೆಲ್ಲ ಕೇಳಿದ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

"ಯಾರ್ ಹೇಳಿದ್ರು ನಿನಗ ಓಡು ಅಂತ?"

"ಗೋಡ್ಯಾಗ ಹೇಳಿದ್ರು ಅಕ್ಕಾ."

"ಗೋಡಿಗೇನ್ ಎದಿ ಐತೇನ? ಏಳು, ನಡಿ ದವಾಖಾನಿಗೆ."

ಅವಳನ್ನು ಗಾಡಿಯಲ್ಲಿ ಕೂರಿಸಿಕೊಂಡು ಹೋದೆ. ಆಮೇಲೆ ಆ ಮಾತಿನ ಹಿಂದೆಯೂ ಬಿದ್ದೆ, ನನ್ನ ಸ್ವಭಾವವೇ ಅದು. ಗೋಡೆಯಲ್ಲಿ ಹೇಳಿದವಳಿಗೆ ಅವಳ ನಾದಿನಿ ಹೇಳಿದ್ದಳು, ನಾದಿನಿಗೆ ಸಂತೆಯಲ್ಲಿ ಯಾರೋ ಹೇಳಿದ್ದರು. ಆ ಸಂತೆಯವಳು 'ಓಡಿದರೆ ಹೋಗುತ್ತದಂತೆ' ಎಂದೇ ಹೇಳಿದ್ದಳು, ಪಾಪ. ಬಾಲ ಕಿತ್ತುಹಾಕಿದವಳು ನಾದಿನಿ. ಅವಳಿಗೆ ನಾನು ಏನೆಂದೆ ಎಂಬುದನ್ನು ಎರಡು ಶತಮಾನ ಹಿಂದಿನವರ ಮುಂದೆ ಬರೆಯುವುದು ಸರಿಯಲ್ಲ.

ದವಾಖಾನೆಯ ಉಪಾಧ್ಯೆ ಡಾಕ್ಟರು ಬಾಳವ್ವನ ಎದೆಬರಹ ತೆಗೆದರು. ಎದೆಬರಹ ಎಂದರೆ ಹೃದಯದ ಬಡಿತ ತಾನೇ ಗೆರೆಯಾಗಿ ಮೂಡುವ ಪರೀಕ್ಷೆ, ನೀವು ಅದಕ್ಕೆ ಇಸಿಜಿ ಎನ್ನುತ್ತಿದ್ದಿರಿ. ರಕ್ತ ನೋಡಿದರು, ಮಲಗಿಸಿ ನಾಡಿ ನೋಡಿದರು, ನಿಲ್ಲಿಸಿ ನೋಡಿದರು. ಕೊನೆಗೆ ಹೇಳಿದರು: ಹೃದಯದ ಸ್ನಾಯುವಿಗೆ ಪೆಟ್ಟಾದ ಗುರುತು ಕಾಣುತ್ತಿಲ್ಲ. ವೈರಸ್ ಜ್ವರದ ಮೇಲೆ ಕೆಲವರಿಗೆ ಹೀಗೆ ಎದೆ ಓಡುತ್ತದೆ, ಬಹಳ ಜನರಿಗೆ ಕ್ರಮೇಣ ತಾನೇ ಇಳಿಯುತ್ತದೆ. ಆದರೆ ಕೆಲವರಿಗೆ ಅದು ಹೃದಯದ ಬಾವಿನ ಲಕ್ಷಣ ಆಗಿರಬಹುದು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ, ಪರೀಕ್ಷೆ ಮಾಡದೆ ಗೊತ್ತಾಗುವುದಿಲ್ಲ. ಪರೀಕ್ಷೆ ಆಗುವ ತನಕ ಓಡುವುದು, ಭಾರ ಎತ್ತುವುದು, ಕಂಬ ಏರುವುದು ಬೇಡ. ಎದೆನೋವು, ಉಸಿರಾಟದ ತೊಂದರೆ, ತಲೆ ಸುತ್ತಿ ಬೀಳುವುದು, ಇವುಗಳಲ್ಲಿ ಒಂದಾದರೂ ಕಂಡರೆ ತಡಮಾಡದೆ ಬರಬೇಕು. ಬಾಳವ್ವನಿಗೆ ಸದ್ಯಕ್ಕೆ ವಿಶ್ರಾಂತಿ, ಸಾಕಷ್ಟು ನೀರು, ಎದ್ದೇಳುವಾಗ ನಿಧಾನ, ಆಮೇಲೆ ದಿನಕ್ಕಿಷ್ಟು ನಡಿಗೆ. ಮತ್ತೆ ಯಾವಾಗ ಕಂಬ ಹತ್ತಲಿ ಎಂದು ಅವಳು ಕೇಳಿದ್ದಕ್ಕೆ, "ಗೊತ್ತಿಲ್ಲವ್ವ, ಮುಂದಿನ ಸಲ ನೋಡಿ ಹೇಳ್ತೀನಿ" ಎಂದರು. ಆ 'ಗೊತ್ತಿಲ್ಲ' ಕೇಳಿಯೇ ನನಗೆ ಅವರ ಮೇಲೆ ನಂಬಿಕೆ ಬಂತು.

ತೊಂದರೆ ಮುಂದೆ ಇತ್ತು. ದೊಡ್ಡೇರು ಹತ್ತಿರ ಬಂದಿತ್ತು. ತಾನು ಏರುವುದಿಲ್ಲ ಎಂದು ಬಾಳವ್ವ ತಂಡಕ್ಕೆ ಹೇಳಲೇಬೇಕಿತ್ತು. ಕಾಲು ಉಳುಕಿದೆ ಎಂದಿದ್ದರೆ ಮುಗಿಯುತ್ತಿತ್ತು. ನಾನೇ ಆ ಸಲಹೆ ಕೊಟ್ಟೆ, ನನ್ನ ತಂಗಿಯನ್ನು ಯಾರೂ ಪುಕ್ಕಲಿ ಎನ್ನಬಾರದು ಎಂಬ ಹಟ ನನಗೆ. ಎದೆಗಾರ್ತಿ ಎಂದು ಊರೆಲ್ಲ ಕರೆಯುವ ಹೆಸರನ್ನು ಸಂಪಾದಿಸಲು ಅವಳು ಪಟ್ಟ ಕಷ್ಟ ನನಗೆ ಗೊತ್ತು. ಒಂದು ಮಾತಿನಲ್ಲಿ ಅದು ಮಣ್ಣುಪಾಲಾಗುತ್ತಿತ್ತು. ಬಾಳವ್ವ ಒಪ್ಪಲಿಲ್ಲ. "ನನ್ನಂಗ ಇನ್ಯಾರರ ಗುಡ್ಡ ಹತ್ತಿ ಓಡಾಕತ್ತಿದ್ರ, ಅಕ್ಕಾ?" ಎಂದಳು. ಕಾಲು ಉಳುಕಿದ ಮಾತನ್ನು ನಾನು ಮತ್ತೆ ಎತ್ತಲಿಲ್ಲ.

ದೊಡ್ಡೇರಿನ ಹಿಂದಿನ ದಿನ ಮಧ್ಯಾಹ್ನ ಇಡೀ ಊರು ಕಟ್ಟೆಯ ಮುಂದೆ ಸೇರಿತ್ತು. ಬಾಳವ್ವ ಡಾಕ್ಟರನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು ಮೆಟ್ಟಿಲು ಹತ್ತಿದಳು. ನಾನು ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದೆ.

"ನನಗ ಎದಿಯೋಟ ಐತಿ," ಎಂದಳು. "ಹೆದರಿಕಿ ಅಲ್ಲ. ಜ್ವರ ಹೋದ ಮ್ಯಾಲೆ ಬಂದೈತಿ, ಕುಂತಾಗೂ ಓಡ್ತೈತಿ. ನಾಳೆ ನಾ ಏರಾಂಗಿಲ್ಲ. ನಿಮ್ಮೊಳಗ ಯಾರಿಗರ ಹಿಂಗ ಆಗಾಕತ್ತಿದ್ರ ಓಡಬ್ಯಾಡ್ರಿ, ಏರಬ್ಯಾಡ್ರಿ, ಮೊದಲ ತೋರಿಸ್ಕೋರಿ."

ಎದೆಯೋಟ. ಆ ಮಾತನ್ನು ಅದಕ್ಕೂ ಮೊದಲು ನಾನು ಯಾರ ಬಾಯಲ್ಲೂ ಕೇಳಿರಲಿಲ್ಲ. ಎಲ್ಲಿಂದ ತಂದಳೋ, ಏನು ಯೋಚಿಸಿ ಕಟ್ಟಿದಳೋ. ಡಾಕ್ಟರು ತಮಗೆ ಗೊತ್ತಿರುವುದನ್ನೂ ಗೊತ್ತಿಲ್ಲದ್ದನ್ನೂ ಅದಕ್ಕೆ ಸೇರಿಸಿ ಹೇಳಿದರು. ಯಾರೋ ಹಿಂದೆ ಕಿಸಕ್ಕೆಂದು ನಕ್ಕದ್ದು ನನಗೆ ಕೇಳಿಸಿತು. ಆಗ ಮುಂದಿನ ಸಾಲಿನಲ್ಲಿ ಇಮಾಮ ಕಾಕಾ ಕೈ ಎತ್ತಿದರು.

"ನನಗೂ ಐತಿ ತಂಗಿ," ಎಂದರು. "ಜ್ವರ ಬಿಟ್ಟಾಗಿಂದ ಐತಿ. ಏನಂತ ಹೇಳ್ಬೇಕು ತಿಳೀಲಿಲ್ಲ."

ಅವರ ಹಿಂದೆ ಇನ್ನೂ ಕೈಗಳು ಎದ್ದವು. ನಕ್ಕವನ ಕೈಯೂ ಇತ್ತು. ಎಲ್ಲರನ್ನೂ ಅಂದೇ ದವಾಖಾನೆಗೆ ಕರೆದೊಯ್ದರು. ಮಿಕ್ಕವರದ್ದು ಬಾಳವ್ವನ ಹಾಗೆಯೇ ಇತ್ತು, ಇಮಾಮ ಕಾಕಾ ಅವರದ್ದು ಹಾಗಿರಲಿಲ್ಲ. ಅವರ ಹೃದಯದ ಸ್ನಾಯು ಬಾತಿತ್ತು, ಬಡಿತ ತಾಳ ತಪ್ಪಿತ್ತು. ಮರುದಿನ ಅವರು ಕಂಬ ಏರಿದ್ದರೆ ಜೀವಂತ ಇಳಿಯುವ ಭರವಸೆ ತಮಗೆ ಇರಲಿಲ್ಲ ಎಂದು ಉಪಾಧ್ಯೆ ಡಾಕ್ಟರು ಆಮೇಲೆ ನನ್ನ ಹತ್ತಿರ ಹೇಳಿದರು. ಕಾಕಾ ಈಗ ಔಷಧಿ ತೆಗೆದುಕೊಂಡು ಮನೆಯ ಮುಂದೆ ಕುಳಿತು ಹೋಗಿಬರುವವರನ್ನೆಲ್ಲ ಬೈಯುತ್ತಾರೆ. ಬಾಳವ್ವ ಕೆರೆಯ ದಂಡೆಯ ತನಕ ನಡೆಯುತ್ತಾಳೆ. ಕಂಬ ಮತ್ತೆ ಹತ್ತುತ್ತಾಳೋ ಇಲ್ಲವೋ ಇನ್ನೂ ಗೊತ್ತಿಲ್ಲ. ದೊಡ್ಡೇರು ಆ ದಿನ ನಡೆಯಲಿಲ್ಲ. ರೆಕ್ಕೆಗಳ ದುರಸ್ತಿ ಆಗದೆ ಊರು ಸ್ವಲ್ಪ ಕಾಲ ಕತ್ತಲಲ್ಲಿತ್ತು, ಯಾರೂ ಗೊಣಗಲಿಲ್ಲ. ಇಂಥ ಊರಿನಲ್ಲಿ ಹುಟ್ಟಿದ್ದೇನೆ ಎಂದು ನನಗೆ ಹೆಮ್ಮೆ. ಇಂಥವಳ ಜೊತೆ ಹುಟ್ಟಿದ್ದೇನೆ ಎಂದು ಅದಕ್ಕಿಂತ ಹೆಚ್ಚು ಹೆಮ್ಮೆ.

ಅಂದು ಕಟ್ಟೆ ಹತ್ತಿದ ಆ ಮಾತು, ಎಲ್ಲರ ಪರೀಕ್ಷೆಗಳೂ ಮುಗಿದು, ಇಂದು ನಿಲುಮಾತಾಗಿ ನಿಂತಿತು. ಈಗ ನಿಮ್ಮ ನೆನಪಾಗುತ್ತಿದೆ. ನಿಮ್ಮ ಕಾಲದ ಆ ದೊಡ್ಡ ಸೋಂಕು ಇಳಿದ ಮೇಲೆ ಎಷ್ಟು ಜನ, ಏನೆಂದು ಹೇಳುವುದು ತಿಳಿಯದೆ, ಕೈ ಎತ್ತದೆ ಸುಮ್ಮನೆ ಕುಳಿತಿರೋ! ನಮ್ಮ ಈ ಮಾತನ್ನು ಇಂದೇ ಎತ್ತಿಕೊಳ್ಳಿ, ಇನ್ನೂರು ವರ್ಷ ಕಾಯಬೇಡಿ. ನಿಮ್ಮ ಮನೆಯಲ್ಲಿ ಜ್ವರದಿಂದ ಎದ್ದವರು ಯಾರಾದರೂ ಎದೆ ಹಿಡಿದುಕೊಂಡು, ಏನಿಲ್ಲ, ಸ್ವಲ್ಪ ಹೊಡೆದುಕೊಳ್ಳುತ್ತದೆ ಅಷ್ಟೆ ಎಂದರೆ, ದಯವಿಟ್ಟು ಅವರಿಗೆ ಧೈರ್ಯ ಹೇಳಬೇಡಿ. ಚಪ್ಪಲಿ ಮೆಟ್ಟಿಕೊಂಡು ಅವರ ಜೊತೆ ಡಾಕ್ಟರ ಹತ್ತಿರ ನಡೆಯಿರಿ.

ಬಾಳವ್ವನ ಅಕ್ಕ,
ಫಕ್ಕೀರವ್ವ